ತಂತಿಯ ಮೇಲೆ ಬಂದ ಕೈಬರಹ

ಪರಸ್ಥಳದಲ್ಲಿ ನೆಲಸಿರುವ ಮಕ್ಕಳ ಕ್ಷೇಮಸಮಾಚಾರವನ್ನು ಎದುರುನೋಡುತ್ತ ಹಿರಿಯರು ಕುಳಿತಿರುವುದು ಎಲ್ಲ ಕಾಲಗಳಲ್ಲಿಯೂ ಎಲ್ಲ ಮನೆಗಳಲ್ಲಿಯೂ ಕಂಡುಬರುವ ಸಂಗತಿಯಷ್ಟೆ. ಆ ಸಮಾಚಾರವನ್ನು ಹೊತ್ತು ತರುವ ಸಾಧನ ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಊರಿಂದೂರಿಗೆ ಹೋಗುವವರ ಬಾಯಿಮಾತು, ಅಂಚೆಯ ಕಾರ್ಡು, ತಂತಿ, ಟೆಲಿಫೋನು, ಈಗ ಅಂಗೈಯಲ್ಲಿಯೇ ಮುಖವನ್ನೂ ತೋರಿಸುವ ಮೊಬೈಲು, ಹೀಗೆ ಒಂದರ ಹಿಂದೆ ಒಂದು ಬಂದಿವೆ. ಈ ಸಾಲಿನ ನಡುವೆ ಕೆಲವು ವರ್ಷ ಕೂಗುತ್ತ ಕಿರುಚುತ್ತ ಮೆರೆದು, ಆಮೇಲೆ ಸದ್ದಿಲ್ಲದೆ ಹಿಂದೆ ಸರಿದ ಸಾಧನವೊಂದುಂಟು. ಅದೇ ಫ್ಯಾಕ್ಸು. ಅರಸೀಕೆರೆಯ ನಮ್ಮ ಮನೆಯಲ್ಲಿ ಅದನ್ನು ಒಂದು ಹಳೆಯ ಗಣಕಯಂತ್ರಕ್ಕೆ ಹೊಂದಿಸಿಕೊಂಡ ಬಗೆಯನ್ನೂ, ಅದರಿಂದ ನಮ್ಮ ಕುಟುಂಬಕ್ಕೆ ಆದ ಒಂದು ಉಪಕಾರವನ್ನೂ ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಫ್ಯಾಕ್ಸಿಗೂ ಅದರ ನೆಂಟರಿಷ್ಟರಿಗೂ ಇರುವ ಭೇದವನ್ನು ಮೊದಲು ತಿಳಿಯುವುದು ಒಳ್ಳೆಯದು. ತಂತಿಯು ಮಾತನ್ನು ಒಯ್ಯುತ್ತಿತ್ತು. ಆದರೆ ಕನ್ನಡದ ಮಾತು ಅದನ್ನೇರಬೇಕಾದರೆ ಇಂಗ್ಲಿಷ್ ಅಕ್ಷರಗಳ ವೇಷವನ್ನು ತೊಡಬೇಕಾಗಿತ್ತು. ಟೆಲಿಫೋನು ದನಿಯನ್ನು ಒಯ್ಯುತ್ತದೆ. ಕಿವಿ ಮಂದವಾದವರಿಗೆ ಅದರಿಂದ ಪ್ರಯೋಜನವಿಲ್ಲ. ಫ್ಯಾಕ್ಸಾದರೋ ಬರೆದ ಹಾಳೆಯ ರೂಪವನ್ನೇ ಒಯ್ಯುತ್ತದೆ. ಆ ಹಾಳೆಯಲ್ಲಿರುವುದು ಕನ್ನಡವೋ, ಚೀನೀ ಭಾಷೆಯೋ, ಮಗು ಗೀಚಿದ ಆನೆಯ ಚಿತ್ರವೋ ಎಂಬುದು ಯಂತ್ರಕ್ಕೆ ತಿಳಿಯದು, ತಿಳಿಯಬೇಕಾದುದೂ ಇಲ್ಲ. ಕಪ್ಪೆಲ್ಲಿ, ಬಿಳುಪೆಲ್ಲಿ ಎಂಬುದಷ್ಟೇ ಅದಕ್ಕೆ ಬೇಕು. ‘ಫ್ಯಾಕ್ಸ್’ ಎಂಬುದು ‘ಫ್ಯಾಕ್ಸಿಮಿಲಿ’ ಎಂಬ ಶಬ್ದದ ಮೊಟಕು ರೂಪ. ಲ್ಯಾಟಿನ್ ಭಾಷೆಯಲ್ಲಿ ‘ಇದರಂತೆಯೇ ಮಾಡು’ ಎಂದು ಅದರ ಮೂಲಾರ್ಥ.

ಈ ವಿದ್ಯೆ ಟೆಲಿಫೋನಿಗಿಂತಲೂ ಹಿರಿಯದೆಂದರೆ ಹಲವರು ಆಶ್ಚರ್ಯಪಡಬಹುದು. ಸ್ಕಾಟ್ಲೆಂಡಿನ ಗಡಿಯಾರದ ಕುಶಲಕರ್ಮಿ ಅಲೆಕ್ಸಾಂಡರ್ ಬೇನ್ ಎಂಬಾತನು ತಂತಿಯ ಮೂಲಕ ರೂಪವನ್ನು ಕಳುಹಿಸುವ ಉಪಾಯಕ್ಕೆ ೧೮೪೩ರಲ್ಲಿಯೇ ಪೇಟೆಂಟನ್ನು ಪಡೆದನು. ಇಟಲಿಯ ಪಾದ್ರಿ ಜೊವಾನಿ ಕಸೆಲ್ಲಿ ಎಂಬಾತನ ಯಂತ್ರವು ೧೮೬೫ರಲ್ಲಿ ಪ್ಯಾರಿಸ್ಸಿಗೂ ಲಿಯಾನ್ ನಗರಕ್ಕೂ ನಡುವೆ ಸಾರ್ವಜನಿಕ ಸೇವೆಗೆ ನಿಂತಿತು. ಬ್ಯಾಂಕಿನವರು ಸಹಿಯನ್ನು ತಾಳೆನೋಡುವುದಕ್ಕೆ ಅದನ್ನು ಬಳಸುತ್ತಿದ್ದರು. ಸಾವಿರಾರು ಚಿತ್ರಾಕ್ಷರಗಳಲ್ಲಿ ಬರೆಯುವ ಜಪಾನೀಯರು ಇದನ್ನು ಮಿಕ್ಕವರಿಗಿಂತ ಹೆಚ್ಚಾಗಿ ಆದರಿಸಿದುದು ಸಹಜವೇ. ಕೊನೆಗೆ ೧೯೮೦ರಲ್ಲಿ ಅಂತರರಾಷ್ಟ್ರೀಯ ತಂತಿ-ಟೆಲಿಫೋನ್ ಸಮಿತಿಯು ‘ಮೂರನೆಯ ವರ್ಗ’ವೆಂಬ ನಿಬಂಧನೆಗಳನ್ನು ಗೊತ್ತುಮಾಡಿದ ಮೇಲೆ, ಯಾವ ದೇಶದ ಯಾವ ತಯಾರಕನ ಯಂತ್ರವಾದರೂ ಮತ್ತಾವ ಯಂತ್ರದೊಡನೆ ಬೇಕಾದರೂ ಸಂವಾದ ನಡೆಸುವುದು ಸಾಧ್ಯವಾಯಿತು.

ನಮ್ಮ ಮನೆಗೆ ಇದರ ಅಗತ್ಯ ಬಿದ್ದುದು ೨೦೦೧ರಲ್ಲಿ. ನನ್ನ ಸೋದರತ್ತೆಯವರು ಹಳೇಬೀಡಿನಲ್ಲಿದ್ದರು. ಅವರಿಗೆ ಒಬ್ಬನೇ ಮಗ; ಅವನು ಆಗ ತಾನೇ ಅಮೆರಿಕಕ್ಕೆ ಹೋಗಿ ಉದ್ಯೋಗದಲ್ಲಿ ನೆಲೆನಿಂತಿದ್ದನು. ಅತ್ತೆಯವರ ಕಿವಿ ಬಹು ಮಂದ. ಟೆಲಿಫೋನಿನಲ್ಲಿ ಮಗನು ಎಷ್ಟು ಕೂಗಿದರೂ ಅವರಿಗೆ ಕೇಳಿಸುತ್ತಿದ್ದುದು ಹುಯ್ಯೆನ್ನುವ ಸದ್ದು ಮಾತ್ರ. ಅಂಚೆಯ ಕಾಗದ ಹೋಗಿ ಉತ್ತರ ಬರುವಷ್ಟರಲ್ಲಿ ತಿಂಗಳು ತುಂಬುತ್ತಿತ್ತು. ಗಣಕಯಂತ್ರದ ಅಂಚೆಯಲ್ಲಿ ಕನ್ನಡವನ್ನು ಕಳುಹಿಸುವುದು ಆ ದಿನಗಳಲ್ಲಿ ಸುಲಭವಾಗಿರಲಿಲ್ಲ. ಇಲ್ಲಿ ಒಂದು ಅಕ್ಷರವಿನ್ಯಾಸದಿಂದ ಬರೆದುದು, ಅದೇ ವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಮಗನ ಕಚೇರಿಯಲ್ಲಿ ಫ್ಯಾಕ್ಸು ಇದ್ದಿತು. ಪೇಟೆಯ ಟೆಲಿಫೋನ್ ಅಂಗಡಿಗಳಲ್ಲಿಯೂ ಫ್ಯಾಕ್ಸು ಇದ್ದಿತು. ಆದರೆ ಅತ್ತೆಯವರು ಅದಕ್ಕೆ ಒಡಂಬಡಲಿಲ್ಲ.

“ನನ್ನ ಮಗನಿಗೆ ನಾನು ಬರೆದದ್ದನ್ನು ಅಂಗಡಿಯವನು ಓದಿ ಆಮೇಲೆ ಕಳಿಸುವುದೇನೋ? ಬೇಡಪ್ಪ. ಕಾಗದ ಅಂದ ಮೇಲೆ ಅದಕ್ಕೊಂದು ಮರ್ಯಾದೆ ಇದೆ” ಎಂದುಬಿಟ್ಟರು.

ಆದುದರಿಂದ ಯಂತ್ರವು ಮನೆಯಲ್ಲಿಯೇ ಆಗಬೇಕಾಯಿತು. ಹೊಸ ಫ್ಯಾಕ್ಸ್ ಯಂತ್ರವನ್ನು ಕೊಳ್ಳುವಷ್ಟು ಹಣವನ್ನು ತಿಂಗಳಿಗೊಂದು ಕಾಗದಕ್ಕಾಗಿ ಹಾಕುವುದು ಗೃಹಸ್ಥನಿಗೆ ಹೊಂದುವ ಮಾತಲ್ಲ. ಒಂದು ಕಚೇರಿಯಲ್ಲಿ ಹಳೆಯದೆಂದು ಮಾರಿದ ಗಣಕಯಂತ್ರವೊಂದು ನನ್ನ ಬಳಿ ಇದ್ದಿತು. ಹೊಸ ತಂತ್ರಾಂಶಗಳ ಭಾರವನ್ನು ಹೊರುವ ಶಕ್ತಿ ಅದಕ್ಕಿರಲಿಲ್ಲ. ಅಂಥ ಮುದಿ ಎತ್ತನ್ನೂ ಗಾಡಿಗೆ ಹೂಡಬಲ್ಲ ತಂತ್ರಾಂಶವೆಂದರೆ ಲಿನಕ್ಸು. ಇದರ ತಿರುಳನ್ನು ೧೯೯೧ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ನಗರದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಎಂಬಾತನು ಬರೆದು ಲೋಕದ ಮುಂದಿಟ್ಟನು. ಅಲ್ಲಿಂದ ಮುಂದೆ ನಾನಾ ದೇಶಗಳ ಸಾವಿರಾರು ಮಂದಿ ಅದನ್ನು ತಿದ್ದಿ ಬೆಳೆಸಿದರು. ಅರವಟ್ಟಿಗೆಯ ನೀರಿನಂತೆ ಅದು ಬೇಕಾದವರಿಗೆಲ್ಲ ಸಲ್ಲುವ ವಸ್ತು. ಮಾಸಪತ್ರಿಕೆಯೊಂದರ ಜೊತೆಗೆ ಬಂದಿದ್ದ ಸಿ.ಡಿ.ಯಿಂದ ಅದನ್ನು ನಮ್ಮ ಯಂತ್ರದಲ್ಲಿ ನೆಲೆಗೊಳಿಸಿದೆನು.

ಇನ್ನು ಬೇಕಾದುದು ಮೋಡೆಮು. ಟೆಲಿಫೋನಿನ ತಂತಿಯನ್ನು ಎಳೆದಿರುವುದು ಮನುಷ್ಯರ ದನಿಗಾಗಿ. ಗಣಕಯಂತ್ರದ ಭಾಷೆಯಾದರೋ ಸೊನ್ನೆ ಒಂದುಗಳದು. ಆ ಸೊನ್ನೆ ಒಂದುಗಳನ್ನು ತಂತಿಗೆ ಒಗ್ಗುವ ಸ್ವರಗಳನ್ನಾಗಿ ಹಾಡುವುದೂ, ಆ ಕಡೆಯಿಂದ ಬಂದ ಹಾಡನ್ನು ಮರಳಿ ಸೊನ್ನೆ ಒಂದುಗಳನ್ನಾಗಿ ಬಿಡಿಸುವುದೂ ಮೋಡೆಮಿನ ಕೆಲಸ. ನಮ್ಮ ಯಂತ್ರದ ಒಡಲಿನಲ್ಲಿ ಅಗ್ಗದ ಮೋಡೆಮು ಒಂದು ಮೊದಲೇ ಇದ್ದಿತು; ಆದರೆ ಅದು ಹೆಸರಿಗೆ ಮಾತ್ರ ಮೋಡೆಮು. ಅದರ ಕೆಲಸದ ಬಹುಪಾಲನ್ನು ವಿಂಡೋಸ್ ಎಂಬ ತಂತ್ರಾಂಶದ ಕೆಳಗೆ ಗಣಕಯಂತ್ರವೇ ಮಾಡಿಕೊಡಬೇಕು. ಲಿನಕ್ಸಿನ ಕೈಕೆಳಗೆ ಅದು ಮೂಕವಾಗಿ ಕುಳಿತಿತು. ಆದುದರಿಂದ ಅರಸೀಕೆರೆಯಿಂದ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಹೊರಗಿಡುವ ಮೋಡೆಮೊಂದನ್ನು ತಂದೆನು. ಪುಸ್ತಕದಷ್ಟು ದೊಡ್ಡ ಪೆಟ್ಟಿಗೆ. ಮುಂದೆ ಸಾಲಾಗಿ ಕೆಂಪು ದೀಪಗಳು. ಹಿಂದೆ ಗಣಕಯಂತ್ರಕ್ಕೆ ಒಂದು ದಪ್ಪ ಕೇಬಲು, ಗೋಡೆಯ ಟೆಲಿಫೋನಿಗೆ ಒಂದು ತೆಳು ತಂತಿ, ವಿದ್ಯುತ್ತಿಗೆ ಒಂದು. ಅದು ತನ್ನ ಕೆಲಸವನ್ನು ತಾನೇ ಮಾಡಬಲ್ಲುದಾದ್ದರಿಂದ ಯಾವ ತಂತ್ರಾಂಶದವರಿಗಾದರೂ ವಿಧೇಯವಾಗಿರುತ್ತದೆ.

ಲಿನಕ್ಸಿನಲ್ಲಿ ಪ್ರತಿಯೊಂದು ಸಲಕರಣೆಗೂ ಕಡತಕ್ಕಿರುವಂತೆ ಒಂದು ಹೆಸರಿರುತ್ತದೆ. ಮೊದಲನೆಯ ಸರಣಿ ಕಿಂಡಿಗೆ ‘ಟಿಟಿವೈಎಸ್-೦’ ಎಂದು ಹೆಸರು. ‘ಮಿನಿಕಾಮ್’ ಎಂಬ ಸಣ್ಣ ತಂತ್ರಾಂಶದ ಮೂಲಕ ಆ ಕಿಂಡಿಯಲ್ಲಿ ‘ಎಟಿ’ ಎಂಬ ಎರಡಕ್ಷರಗಳನ್ನು ಬರೆದು ಕಳುಹಿಸಬೇಕು. ‘ಇತ್ತ ಗಮನಿಸು’ ಎಂದು ಅದರ ತಾತ್ಪರ್ಯ. ಮೋಡೆಮು ಎಚ್ಚರವಾಗಿದ್ದರೆ ‘ಓಕೆ’ ಎಂದು ಉತ್ತರ ಕೊಡುತ್ತದೆ. ನನಗೆ ಮೊದಲು ಉತ್ತರ ಬರಲಿಲ್ಲ. ಕಾರಣವು ಮೋಡೆಮಿನಲ್ಲಿರಲಿಲ್ಲ. ಲಿನಕ್ಸು ಕಟ್ಟುನಿಟ್ಟಿನ ಮನೆ. ಯಾವ ಬಾಗಿಲನ್ನು ಯಾರು ತೆರೆಯಬಹುದೆಂಬುದಕ್ಕೆ ಅಲ್ಲಿ ಪಟ್ಟಿಯುಂಟು. ಸರಣಿ ಕಿಂಡಿಯನ್ನು ಮುಟ್ಟಬಹುದಾದವರ ಬಳಗಕ್ಕೆ ನನ್ನ ಹೆಸರನ್ನು ಸೇರಿಸಿದ ಕೂಡಲೇ ‘ಓಕೆ’ ಎಂಬ ಉತ್ತರ ತೆರೆಯ ಮೇಲೆ ಮೂಡಿತು.

ಆಮೇಲೆ ‘ನೀನು ಯಾವ ಬಗೆಯ ಫ್ಯಾಕ್ಸನ್ನು ಬಲ್ಲೆ?’ ಎಂದು ಕೇಳುವ ಆಜ್ಞೆಯನ್ನು ಕೊಟ್ಟೆನು. ‘೦, ೧, ೨’ ಎಂದು ಉತ್ತರ ಬಂದಿತು. ಸೊನ್ನೆಯೆಂದರೆ ಸಾಧಾರಣ ಮೋಡೆಮಿನ ಕೆಲಸ. ಒಂದನೆಯ ತರಗತಿಯಲ್ಲಿ ಆ ಕಡೆಯ ಯಂತ್ರದೊಡನೆ ನಡೆಸಬೇಕಾದ ಮಾತುಕತೆಯನ್ನೆಲ್ಲ ಗಣಕಯಂತ್ರವೇ ನೋಡಿಕೊಳ್ಳಬೇಕು. ಎರಡನೆಯ ತರಗತಿಯಲ್ಲಿ ಅದನ್ನು ಮೋಡೆಮು ತಾನೇ ವಹಿಸಿಕೊಳ್ಳುತ್ತದೆ. ಮುದಿಯಂತ್ರಕ್ಕೆ ಭಾರ ಕಡಿಮೆಯಾಗಲೆಂದು ಎರಡನೆಯದನ್ನು ಆರಿಸಿದೆನು. ಫ್ಯಾಕ್ಸನ್ನು ಕಳುಹಿಸುವುದಕ್ಕೂ ಸ್ವೀಕರಿಸುವುದಕ್ಕೂ ಎಡ್ ಕಸಾಸ್ ಎಂಬವರು ಬರೆದ ‘ಇಫ್ಯಾಕ್ಸ್’ ಎಂಬ ಚಿಕ್ಕ ತಂತ್ರಾಂಶವು ಸಾಕಾಯಿತು. ಅದರ ಕಡತದಲ್ಲಿ ತುಂಬಬೇಕಾದುವು ಕೆಲವೇ ಸಂಗತಿಗಳು: ಕಿಂಡಿಯ ಹೆಸರು, ನಮ್ಮ ಟೆಲಿಫೋನಿನ ಸಂಖ್ಯೆ, ಕಳುಹಿಸುವವರ ಹೆಸರು, ಕಾಗದದ ಅಳತೆ. ಈ ಕೊನೆಯದನ್ನು ಮರೆಯಬಾರದು. ತಂತ್ರಾಂಶವು ಅಮೆರಿಕದ ‘ಲೆಟರ್’ ಅಳತೆಯನ್ನೇ ಮೊದಲು ಹಿಡಿದುಕೊಂಡಿರುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ‘ಎ-೪’ ಹಾಳೆಯ ಉದ್ದ ೨೯೭ ಮಿಲಿಮೀಟರು. ಲೆಟರ್ ಹಾಳೆ ಅದಕ್ಕಿಂತ ೧೮ ಮಿಲಿಮೀಟರು ಗಿಡ್ಡ. ಕಾಗದದ ಅಳತೆಯ ಈ ಚಿಕ್ಕ ವಿಷಯ ಮುಂದೆ ನಮ್ಮ ಕಥೆಯಲ್ಲಿ ದೊಡ್ಡ ಪಾತ್ರವನ್ನು ವಹಿಸಲಿದೆ.

ಮತ್ತೊಂದು ತೊಡಕು ಉಳಿದಿದ್ದಿತು. ಸಂಖ್ಯೆಯನ್ನು ಒತ್ತುವ ಮೊದಲು ಮೋಡೆಮು ಟೆಲಿಫೋನಿನ ಗುಂಯ್‌ಗುಟ್ಟುವ ಸ್ವರಕ್ಕಾಗಿ ಕಾಯುತ್ತದೆ. ಪರದೇಶದಲ್ಲಿ ತಯಾರಾದ ಮೋಡೆಮಿಗೆ ನಮ್ಮ ವಿನಿಮಯ ಕೇಂದ್ರದ ಸ್ವರ ಪರಿಚಿತವಲ್ಲದ ಕಾರಣ ‘ಸ್ವರವಿಲ್ಲ’ ಎಂದು ಹಟಹಿಡಿದು ಕೂರುತ್ತಿತ್ತು. ಇದಕ್ಕೆ ‘ಎಟಿ ಎಕ್ಸ್-೩’ ಎಂಬ ಆಜ್ಞೆಯೇ ಮದ್ದು. ಸ್ವರಕ್ಕಾಗಿ ಕಾಯದೆ ಸಂಖ್ಯೆಯನ್ನು ಒತ್ತು ಎಂಬುದೇ ಅದರ ಅರ್ಥ. ಅದನ್ನು ಕಡತಕ್ಕೆ ಸೇರಿಸಿದ ಮೇಲೆ ದಾರಿ ನಿರಾತಂಕವಾಯಿತು.

ಹಾಳೆಯು ತಂತಿಯನ್ನು ಹೇಗೆ ಏರುವುದೆಂಬುದನ್ನು ನೇಯ್ಗೆಯ ಪರಿಚಯವಿರುವ ಗೃಹಿಣಿಯರಿಗೆ ತಿಳಿಸುವುದು ಕಷ್ಟವಲ್ಲ. ಮೊದಲು ಸ್ಕ್ಯಾನರೆಂಬ ಉಪಕರಣವು ಹಾಳೆಯನ್ನು ನೋಡಿ ಗೆರೆಗೆರೆಯಾಗಿ ವಿಂಗಡಿಸುತ್ತದೆ. ಅಡ್ಡಕ್ಕೆ ಒಂದೊಂದು ಗೆರೆಯಲ್ಲಿಯೂ ೧೭೨೮ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಕಪ್ಪು ಇಲ್ಲವೆ ಬಿಳುಪು. ಸಾಧಾರಣ ಕ್ರಮದಲ್ಲಿ ಮಿಲಿಮೀಟರಿಗೆ ಸುಮಾರು ನಾಲ್ಕು ಗೆರೆಗಳು. ಸೂಕ್ಷ್ಮ ಕ್ರಮದಲ್ಲಿ ಅದರ ಇಮ್ಮಡಿ. ಸಾಧಾರಣ ಕ್ರಮದಲ್ಲಿ ಕನ್ನಡದ ಒತ್ತಕ್ಷರಗಳೂ ಕೊಂಬುಗಳೂ ಒಂದರೊಳಗೊಂದು ಕಲಸಿಹೋಗುವುದನ್ನು ಕಂಡು, ನಾವು ಯಾವಾಗಲೂ ಸೂಕ್ಷ್ಮ ಕ್ರಮವನ್ನೇ ಬಳಸುತ್ತಿದ್ದೆವು. ಹೀಗೆ ಒಂದು ಹಾಳೆಯಲ್ಲಿ ಸುಮಾರು ನಲವತ್ತು ಲಕ್ಷ ಚುಕ್ಕೆಗಳಾಗುತ್ತವೆ. ಅವನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋದರೆ ಸೆಕೆಂಡಿಗೆ ೯೬೦೦ರಂತೆ ಏಳು ನಿಮಿಷ ಬೇಕು. ಆದರೆ ಸೀರೆಯ ಅಂಚನ್ನು ನೇಯುವವನು ‘ಬಿಳಿ, ಬಿಳಿ, ಬಿಳಿ’ ಎಂದು ಎಣಿಸುತ್ತಾನೆಯೇ? ‘ಬಿಳಿ ಇನ್ನೂರು ಎಳೆ, ಕಪ್ಪು ಆರು ಎಳೆ’ ಎಂದು ಲೆಕ್ಕವಿಡುತ್ತಾನೆ. ಫ್ಯಾಕ್ಸೂ ಹಾಗೆಯೇ. ಹೆಚ್ಚಾಗಿ ಬರುವ ಲೆಕ್ಕಗಳಿಗೆ ಗಿಡ್ಡ ಸಂಕೇತ, ಅಪರೂಪದವಕ್ಕೆ ಉದ್ದ ಸಂಕೇತ. ಹೀಗಾಗಿ ಏಳು ನಿಮಿಷದ ಕೆಲಸ ಒಂದೆರಡು ನಿಮಿಷಗಳಲ್ಲಿ ಮುಗಿಯುತ್ತದೆ. ಪರದೇಶದ ಕರೆಗೆ ನಿಮಿಷದ ಮೇಲೆ ಹಣ ತೆರುವವರಿಗೆ ಇದು ಸಣ್ಣ ಲಾಭವಲ್ಲ.

ಎರಡು ಯಂತ್ರಗಳು ಸಂಧಿಸುವಾಗ ನಡೆಯುವ ಉಪಚಾರವೂ ಕೇಳತಕ್ಕದ್ದಾಗಿದೆ. ಕರೆದ ಯಂತ್ರವು ಮೂರು ಸೆಕೆಂಡಿಗೊಮ್ಮೆ ಕುಂಯ್ ಎನ್ನುತ್ತಿರುತ್ತದೆ, ಹೊಸಲಿನ ಹೊರಗೆ ನಿಂತು ಬಾಗಿಲು ತಟ್ಟುವ ನೆಂಟನಂತೆ. ಒಳಗಿನ ಯಂತ್ರವು ನೀಳವಾದ ಸ್ವರದಿಂದ ಓಗೊಟ್ಟು, ತಾನು ಎಷ್ಟು ವೇಗವನ್ನು ತಾಳಬಲ್ಲೆನೆಂಬುದನ್ನೂ ತನ್ನಲ್ಲಿರುವ ಕಾಗದದ ಅಳತೆಯನ್ನೂ ತಿಳಿಸುತ್ತದೆ. ಕರೆದ ಯಂತ್ರವು ತನಗೊಪ್ಪುವುದನ್ನು ಆರಿಸಿ ಒಂದು ಪರೀಕ್ಷೆಯ ಸಾಲನ್ನು ಹಾಡುತ್ತದೆ. ಅದು ಚೊಕ್ಕವಾಗಿ ತಲಪಿದರೆ ಮುಂದಿನ ಮಾತು. ಮಳೆಗಾಲದ ತೇವದಿಂದ ತಂತಿ ಗೊರಗುಟ್ಟುತ್ತಿದ್ದರೆ ಇಬ್ಬರೂ ಒಡಂಬಟ್ಟು ವೇಗವನ್ನು ಇಳಿಸಿಕೊಳ್ಳುತ್ತಾರೆ. ಹಾಳೆ ಮುಗಿದ ಮೇಲೆ ‘ಬಂದು ಸೇರಿತು’ ಎಂದು ಆ ಕಡೆಯವನು ಹೇಳಿದ ಹೊರತು ಈ ಕಡೆಯವನು ಬೀಳ್ಕೊಳ್ಳುವುದಿಲ್ಲ. ಮನುಷ್ಯರು ಕಲಿಯಬೇಕಾದ ಶಿಷ್ಟಾಚಾರ!

ಅತ್ತೆಯವರು ಜಾವಗಲ್ಲಿನ ಮೇಲೆ ಬರುವ ಬಸ್ಸನ್ನು ಹತ್ತಿ ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬಂದು ಎರಡು ದಿನ ಇರುತ್ತಿದ್ದರು. ಮೊದಲ ಕಾಗದವನ್ನು ಅವರು ಗೆರೆ ಹಾಕಿದ ಹಾಳೆಯ ಮೇಲೆ, ನೆಲದ ಮೇಲೆ ಕುಳಿತು, ಮಣೆಯನ್ನು ಮುಂದಿಟ್ಟುಕೊಂಡು, ಒಂದು ಇಡೀ ಮಧ್ಯಾಹ್ನ ಬರೆದರು. ರಾತ್ರಿ ಒಂಬತ್ತು ಗಂಟೆಗೆ ಅದನ್ನು ಯಂತ್ರಕ್ಕೆ ತೋರಿಸಿ ಕಳುಹಿಸಿದೆವು. ಕಾಲು ಗಂಟೆಯೊಳಗಾಗಿ ಮಗನ ಕೈಬರಹದ ಉತ್ತರವು ನಮ್ಮ ಮುದ್ರಣಯಂತ್ರದಿಂದ ಕಿರ್ರೆನ್ನುತ್ತ ಇಳಿದು ಬಂದಿತು. ಅತ್ತೆಯವರು ಅದನ್ನು ಓದಿ, ಕಣ್ಣೊರೆಸಿಕೊಂಡು, ತಮ್ಮ ಕಾಗದವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು:

“ಅಲ್ಲವೋ, ನಾನು ಬರೆದ ಕಾಗದ ಇಲ್ಲೇ ಇದೆಯಲ್ಲ. ಹಾಗಾದರೆ ಅವನಿಗೆ ಹೋದದ್ದು ಏನು?”

ಚುಕ್ಕೆಗಳ ಲೆಕ್ಕವನ್ನು ಹೇಳಿದೆನು. ಅವರಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ.

ಕೆಲವು ತಿಂಗಳುಗಳಲ್ಲಿ ಈ ವ್ಯವಸ್ಥೆ ಮನೆಯ ವಾಡಿಕೆಯಾಯಿತು. ಫ್ಯಾಕ್ಸಿನ ರಾತ್ರಿ ಯಾರೂ ಟೆಲಿಫೋನನ್ನು ಎತ್ತಕೂಡದೆಂಬುದು ಕಟ್ಟಳೆ. ನಡುವೆ ಎತ್ತಿದರೆ ಹಾಳೆ ಅರ್ಧಕ್ಕೆ ಹರಿದಂತಾಗುವುದು. ಮೋಡೆಮು ಕಾದಿರುವ ಹೊತ್ತಿನಲ್ಲಿ ಕರೆದ ನೆಂಟರು ಅದರ ಕಿರುಚಾಟವನ್ನು ಕೇಳಿ ಬೆಚ್ಚಿಬಿದ್ದುದೂ ಉಂಟು. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನ ದಿನಗಳಲ್ಲಿ ತಂತಿಯನ್ನು ಗೋಡೆಯಿಂದ ಕಿತ್ತಿಡುತ್ತಿದ್ದೆವು. ಸಿಡಿಲಿನ ಹೊಡೆತ ಟೆಲಿಫೋನಿನ ತಂತಿಯ ಮೂಲಕ ಬಂದು ಮೋಡೆಮನ್ನು ಸುಟ್ಟುಹಾಕುವ ಭಯವುಂಟು. ಕಳುಹಿಸಿದ ಪ್ರತಿಯೊಂದು ಹಾಳೆಯ ಪ್ರತಿಯನ್ನೂ ತಾರೀಖನ್ನೇ ಹೆಸರಾಗಿಟ್ಟು ಗಣಕಯಂತ್ರದಲ್ಲಿ ಉಳಿಸುತ್ತಿದ್ದೆನು.

ಮೂಲವನ್ನು ಇದ್ದಲ್ಲಿಯೇ ಬಿಟ್ಟು ಅದರ ರೂಪವನ್ನು ಮಾತ್ರ ಒಯ್ಯುವ ವಿದ್ಯೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಬೇಲೂರು, ಹಳೇಬೀಡು, ಅರಸೀಕೆರೆಗಳ ದೇವಾಲಯಗಳಲ್ಲಿಯೂ ಊರಬಾಗಿಲುಗಳಲ್ಲಿಯೂ ಇರುವ ಕಲ್ಬರಹಗಳನ್ನು ವಿದ್ವಾಂಸರು ಹೊತ್ತೊಯ್ಯಲಾರರಷ್ಟೆ. ಅವರು ಕಲ್ಲನ್ನು ತೊಳೆದು, ತೋಯಿಸಿದ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ಬಡಿದು ಅಕ್ಷರದ ಕುಳಿಗಳೊಳಗೆ ಇಳಿಸಿ, ಮೇಲೆ ಮಸಿಯನ್ನು ತಟ್ಟುತ್ತಾರೆ. ಕುಳಿಗಳು ಬಿಳಿದಾಗಿಯೂ ಸುತ್ತಲಿನ ಕಲ್ಲು ಕಪ್ಪಾಗಿಯೂ ಮೂಡಿ ಶಾಸನದ ಪಡಿಯಚ್ಚು ದೊರೆಯುತ್ತದೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನೊಳಗೊಂಡ ಐದನೆಯ ಸಂಪುಟವು ೧೯೦೨ರಲ್ಲಿ ಹೊರಬಂದಿತು. ಅಚ್ಚಿನ ಮೊಳೆಗಳಲ್ಲಿ ಜೋಡಿಸಿದ ಪಾಠವು ಶಾಸನದ ಮಾತನ್ನು ಹೇಳುತ್ತದೆ; ಪಡಿಯಚ್ಚಾದರೋ ಕಂಡರಿಸಿದವನ ಕೈಯನ್ನು ತೋರಿಸುತ್ತದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ೧೯೩೬ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಕಂಡ ಶಾಸನವನ್ನೇ ನೋಡಿರಿ. ಅದರಲ್ಲಿ ಕದಂಬರ ಹೆಸರುಂಟು, ಇಸವಿಯಿಲ್ಲ. ಆದರೂ ಅದನ್ನು ಸುಮಾರು ಕ್ರಿ.ಶ. ೪೫೦ರದೆಂದು ವಿದ್ವಾಂಸರು ನಿರ್ಣಯಿಸುವಾಗ ಅಕ್ಷರಗಳ ಆಕಾರವೂ ಒಂದು ಮುಖ್ಯ ಸಾಕ್ಷಿಯಾಯಿತು. ಮಾತು ಹೇಳದೆ ಬಿಟ್ಟುದನ್ನು ಬರಹದ ರೂಪ ಹೇಳಿತು. ಇಂಥದೇ ಒಂದು ಸಾಕ್ಷಿ ನಮ್ಮ ಮನೆಯಲ್ಲಿಯೂ ನುಡಿಯಲಿದ್ದಿತು.

೨೦೦೩ರ ಒಂದು ರಾತ್ರಿ, ಅತ್ತೆಯವರ ಕಾಗದ ಹೋದ ಅರ್ಧ ಗಂಟೆಗೆ, ಮಗನಿಂದ ಫ್ಯಾಕ್ಸಿನ ಬದಲು ಕರೆಯೇ ಬಂದಿತು.

“ಭಾವ, ಅಮ್ಮನಿಗೆ ಮೈ ಸರಿಯಿಲ್ಲವೇ? ನನ್ನಿಂದ ಮುಚ್ಚಿಡಬೇಡಿ, ನಿಜ ಹೇಳಿ.”

“ಗಟ್ಟಿಯಾಗಿಯೇ ಇದ್ದಾರಲ್ಲ. ಈಗಷ್ಟೇ ಊಟ ಮಾಡಿ ಮಲಗಿದರು. ಯಾಕೆ?”

“ಕಾಗದದಲ್ಲಿ ಎಲ್ಲ ಕ್ಷೇಮ ಅಂತಲೇ ಬರೆದಿದ್ದಾರೆ. ಆದರೆ ಇದು ಅಮ್ಮನ ಅಕ್ಷರ ಅಲ್ಲ ಭಾವ. ದುಂಡಗೆ ದೊಡ್ಡದಾಗಿ ಬರೆಯುತ್ತಿದ್ದರು. ಈಗ ಇರುವೆ ಸಾಲಿನ ಹಾಗಿದೆ.”

ಅತ್ತೆಯವರು ಯಾವ ಬೇನೆಯನ್ನೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವ ಸ್ವಭಾವವೂ ಅವರದಲ್ಲ. ತಿಂಗಳು ತಿಂಗಳೂ ಕಾಣುವವರಲ್ಲಿ ನಿಧಾನವಾಗಿ ಆಗುವ ಬದಲಾವಣೆ ಕಣ್ಣಿಗೆ ಬೀಳದಿರುವುದು ಮನುಷ್ಯರ ದೃಷ್ಟಿಯ ಗುಣ. ಆದರೆ ತಾಯಿಯ ಅಕ್ಷರವನ್ನು ಚಿಕ್ಕಂದಿನಿಂದ ಕಂಡು, ಈಗ ಅಕ್ಷರವನ್ನು ಮಾತ್ರವೇ ಕಾಣುತ್ತಿದ್ದ ಮಗನ ಕಣ್ಣು ಬೇರೆ.

ಆದರೂ ತಪ್ಪು ಯಂತ್ರದ್ದಿರಬಹುದೇ ಎಂಬ ಶಂಕೆಯನ್ನು ಮೊದಲು ಪರಿಹರಿಸಿಕೊಳ್ಳಬೇಕಾಗಿತ್ತು. ಅದಕ್ಕೆ ಆಧಾರವೂ ಇದ್ದಿತು. ಅಲ್ಲಿಯ ಹಾಳೆ ಗಿಡ್ಡವಾದ್ದರಿಂದ, ನಮ್ಮ ಹಾಳೆಯನ್ನು ಅದರಲ್ಲಿ ಹಿಡಿಸಲು ಆ ಕಡೆಯ ಯಂತ್ರವು ಬರಹವನ್ನು ಕುಗ್ಗಿಸುವುದುಂಟು. ನಾನು ಒಂದು ಹಾಳೆಯ ಮೇಲೆ ಅಡ್ಡಕ್ಕೊಂದು, ಉದ್ದಕ್ಕೊಂದು, ಸರಿಯಾಗಿ ಹತ್ತು ಸೆಂಟಿಮೀಟರಿನ ಎರಡು ಗೆರೆಗಳನ್ನು ಎಳೆದು ಕಳುಹಿಸಿ, ಅಳೆದು ತಿಳಿಸಬೇಕೆಂದು ಬರೆದೆನು. ಎರಡು ಗೆರೆಗಳೂ ಒಂಬತ್ತೂವರೆ ಸೆಂಟಿಮೀಟರಿಗೆ ತುಸು ಕಡಿಮೆಯಾಗಿ ಬಂದಿವೆಯೆಂದು ಉತ್ತರ ಬಂದಿತು. ಯಂತ್ರವು ಕುಗ್ಗಿಸುತ್ತಿದ್ದುದು ನಿಜ. ಆದರೆ ಅದು ಹಾಳೆಯ ಮೇಲಿರುವುದೆಲ್ಲವನ್ನೂ ಒಂದೇ ಸಮನಾಗಿ, ನೂರಕ್ಕೆ ಆರರಷ್ಟು ಕುಗ್ಗಿಸುತ್ತಿತ್ತು. ಆಗ ಅತ್ತೆಯವರ ಹಾಳೆಯನ್ನು ದೀಪದ ಕೆಳಗಿಟ್ಟು ನೋಡಿದೆನು. ಪ್ರತಿಯೊಂದು ಸಾಲೂ ಗೆರೆಯ ಎತ್ತರಕ್ಕೆ ತಕ್ಕ ಅಕ್ಷರದಿಂದ ಆರಂಭವಾಗಿ, ಸಾಗುತ್ತ ಸಾಗುತ್ತ ಕಿರಿದಾಗಿ, ಕೊನೆಯಲ್ಲಿ ಅರ್ಧಕ್ಕೆ ಇಳಿದಿತ್ತು. ಎಲ್ಲವನ್ನೂ ಸಮನಾಗಿ ಕುಗ್ಗಿಸುವುದು ಯಂತ್ರದ ಲಕ್ಷಣ. ಸಾಲಿನೊಳಗೆ ಸ್ವಲ್ಪಸ್ವಲ್ಪವಾಗಿ ಕುಗ್ಗುವುದು ಕೈಯದೇ ಹೊರತು ಯಂತ್ರದ್ದಲ್ಲ.

ಗಣಕಯಂತ್ರದಲ್ಲಿದ್ದ ಹಳೆಯ ಪ್ರತಿಗಳನ್ನು ತಿಂಗಳಿಗೊಂದರಂತೆ ಮುದ್ರಿಸಿ, ಅತ್ತೆಯವರನ್ನು ಹಾಸನದಲ್ಲಿ ನರರೋಗಗಳನ್ನು ಬಲ್ಲ ವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದೆವು. ವೈದ್ಯರು ಅವರನ್ನು ನಡೆಸಿ ನೋಡಿದರು, ಮಣಿಕಟ್ಟನ್ನು ಮಡಿಸಿ ಬಿಡಿಸಿದರು, ಬೆರಳುಗಳನ್ನು ತಟ್ಟಿಸಿದರು. ಆಮೇಲೆ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು, ಒಂದರಿಂದ ಮತ್ತೊಂದಕ್ಕೆ ಬೆರಳಿಟ್ಟು ನೋಡುತ್ತ, “ಇಷ್ಟು ಚೆನ್ನಾಗಿ ತಾರೀಖಿನ ಸಮೇತ ರೋಗದ ಚರಿತ್ರೆಯನ್ನು ಯಾರೂ ನನಗೆ ತಂದುಕೊಟ್ಟಿರಲಿಲ್ಲ” ಎಂದರು.

ಅದು ಪಾರ್ಕಿನ್‌ಸನ್ ರೋಗ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ನನು ೧೮೧೭ರಲ್ಲಿ ವರ್ಣಿಸಿದುದರಿಂದ ಆ ಹೆಸರು. ನಮ್ಮ ಆಯುರ್ವೇದದವರು ಕಂಪವಾತವೆಂದು ಹೇಳುವುದು ಇದನ್ನೇ ಹೋಲುತ್ತದೆ. ಕೈನಡುಕವೇ ಅದರ ಗುರುತೆಂದು ಜನರ ತಿಳಿವಳಿಕೆ. ಆದರೆ ಎಲ್ಲರಲ್ಲಿಯೂ ನಡುಕವು ಮೊದಲು ತೋರುವುದಿಲ್ಲ. ಮೈಯ ಬಿಗಿತ, ಚಲನೆಯ ನಿಧಾನ, ಬರೆಯುತ್ತ ಬರೆಯುತ್ತ ಕಿರಿದಾಗುವ ಅಕ್ಷರ, ಇವೂ ಅದರ ಸೂಚನೆಗಳು. ಮಿದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯವನ್ನು ಒದಗಿಸುವ ಜೀವಕೋಶಗಳು ನಶಿಸುತ್ತ ಬರುವುದು ಇದಕ್ಕೆ ಕಾರಣ. ರೋಗವನ್ನು ಬೇರುಸಹಿತ ಕೀಳುವ ಮದ್ದಿಲ್ಲವಾದರೂ, ಲೆವೊಡೋಪಾ ಎಂಬ ಔಷಧದಿಂದ ಅದರ ಬಾಧೆಯನ್ನು ವರ್ಷಗಟ್ಟಲೆ ಹಿಡಿತದಲ್ಲಿಡಬಹುದು. ವೃದ್ಧಾಪ್ಯದ ಸಹಜ ಗುಣವೆಂದು ಸುಮ್ಮನಿದ್ದು, ಬಚ್ಚಲಿನಲ್ಲಿಯೋ ಮೆಟ್ಟಿಲಿನಲ್ಲಿಯೋ ಬಿದ್ದು ಸೊಂಟ ಮುರಿದ ಮೇಲೆ ವೈದ್ಯರ ಬಳಿಗೆ ಹೋಗುವವರೂ ಉಂಟು. ನಮ್ಮ ಅತ್ತೆಯವರಿಗೆ ಆ ಗತಿ ಬರಲಿಲ್ಲ. ಮದ್ದೂ ವ್ಯಾಯಾಮವೂ ಸಕಾಲದಲ್ಲಿ ಆರಂಭವಾದುವು. ಆಮೇಲೆ ಎಂಟು ವರ್ಷ ಅವರು ಬದುಕಿದ್ದರು. ಅದರಲ್ಲಿ ಬಹುಕಾಲ ತಮ್ಮ ಕೆಲಸವನ್ನು ತಾವೇ ಮಾಡಿಕೊಂಡರು. ಮಗನು ಪ್ರತಿವರ್ಷವೂ ಬಂದು ನೋಡಿ ಹೋಗುತ್ತಿದ್ದನು.

ವೈದ್ಯರಿಂದ ಹಿಂದಿರುಗುವಾಗ ಅತ್ತೆಯವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಆಮೇಲೆ, “ಕ್ಷೇಮ ಅಂತ ನಾನು ಬರೆದೆ. ನನ್ನ ಕೈ ಚಾಡಿ ಹೇಳಿಬಿಟ್ಟಿತು” ಎಂದು ನಕ್ಕರು. ಅವರಿಗೆ ಹೋದದ್ದು ಏನು ಎಂದು ಅವರು ಹಿಂದೆ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಚುಕ್ಕೆಗಳ ಉತ್ತರಕ್ಕಿಂತ ಇದು ಮೇಲಾಗಿತ್ತು. ಮಗನಿಗೆ ಹೋದುದು ಕಾಗದವಲ್ಲ, ಬರಿಯ ಮಾತೂ ಅಲ್ಲ, ತಾಯಿಯ ಕೈ.

ಆ ಮೋಡೆಮಿಗೆ ಈಗ ಕೆಲಸವಿಲ್ಲ. ನಮ್ಮ ದೇಶದ ತಂತಿಯ ಸೇವೆ ೨೦೧೩ರ ಜುಲೈ ತಿಂಗಳಲ್ಲಿ ನಿಂತಿತು. ಫ್ಯಾಕ್ಸು ಕೆಲವು ದೇಶಗಳ ಆಸ್ಪತ್ರೆಗಳಲ್ಲಿಯೂ ಕಚೇರಿಗಳಲ್ಲಿಯೂ ಉಳಿದಿದ್ದರೂ ಮನೆಗಳಲ್ಲಿ ಅಪರೂಪ. ಗಾಜಿನ ಎಳೆಯ ಹೊಸ ಟೆಲಿಫೋನುಗಳು ದನಿಯನ್ನು ತುಂಡುತುಂಡಾಗಿಸಿ ಒಯ್ಯುವುದರಿಂದ, ಮೋಡೆಮಿನ ಹಾಡು ಅವುಗಳಲ್ಲಿ ತಾಳತಪ್ಪುವುದೂ ಉಂಟು. ಮಗನ ಬಳಿಯಿದ್ದ ಕೆಲವು ಹಾಳೆಗಳು ಶಾಖದಿಂದ ಮೂಡುವ ಕಾಗದದವಾದ್ದರಿಂದ ಬಣ್ಣಗೆಟ್ಟು ಬಿಳಿಚಿಕೊಂಡಿವೆ. ನಮ್ಮ ಗಣಕಯಂತ್ರದಲ್ಲಿದ್ದ ಪ್ರತಿಗಳು ಮಾತ್ರ ಒಂದು ಯಂತ್ರದಿಂದ ಮತ್ತೊಂದಕ್ಕೆ ಸಾಗುತ್ತ ಇಂದಿಗೂ ಸ್ಪಷ್ಟವಾಗಿವೆ.

ಇಂದು ಕೈಬರಹದ ಚಿತ್ರವನ್ನು ದೂರಕ್ಕೆ ಕಳುಹಿಸಲು ಮೋಡೆಮೂ ಬೇಡ, ಲಿನಕ್ಸೂ ಬೇಡ; ಮೊಬೈಲಿನಿಂದ ಒಂದು ಚಿತ್ರ ತೆಗೆದರೆ ಸಾಕು. ಸಾಧನ ಸುಲಭವಾದಷ್ಟೂ ಬರೆಯುವುದು ವಿರಳವಾಗುತ್ತಿದೆ. ಆದುದರಿಂದ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಮನೆಯ ಹಿರಿಯರಿಂದ ತಿಂಗಳಿಗೊಮ್ಮೆಯಾದರೂ ನಾಲ್ಕು ಸಾಲುಗಳನ್ನು ಅವರ ಕೈಯಿಂದಲೇ ಬರೆಸಿರಿ. ದಿನಸಿಯ ಪಟ್ಟಿಯಾದರೂ ಆಗಬಹುದು, ಉಪ್ಪಿನಕಾಯಿಯ ಅಳತೆಯಾದರೂ ಆಗಬಹುದು. ಅದಕ್ಕೆ ತಾರೀಖನ್ನು ಹಾಕಿ, ಒಂದು ಚಿತ್ರ ತೆಗೆದು, ದೂರದಲ್ಲಿರುವ ಮಕ್ಕಳಿಗೆ ಕಳುಹಿಸಿ, ಒಂದು ಪ್ರತಿಯನ್ನು ಮನೆಯಲ್ಲಿ ಉಳಿಸಿಕೊಳ್ಳಿರಿ. ಮಕ್ಕಳಾದವರು ಅದನ್ನು ಓದಿ ಮುಗಿಸಿದೊಡನೆ ಬದಿಗಿಡದೆ, ಅಕ್ಷರಗಳನ್ನೂ ಒಮ್ಮೆ ನಿಧಾನವಾಗಿ ನೋಡಲಿ.